ಯಂತ್ರವಿದ್ಯಾಸಾಧಕ ಲಕ್ಷ್ಮಣರಾವ ಕಿರ್ಲೋಸ್ಕರರು

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕವಿಗಳ, ಅರಸರ, ದಾಸರ, ಶರಣರ ಚರಿತ್ರೆಗಳು ಮೇಲಿಂದ ಮೇಲೆ ಅಚ್ಚಾಗುತ್ತವೆ. ಅದು ಆಗತಕ್ಕದ್ದೇ. ಆದರೆ ಚಾಕಣದ ಸುತ್ತ ನೆಲೆಸಿದ ನಮ್ಮ ಕನ್ನಡ ಬಂಧುಗಳಲ್ಲಿ ಬಹುಮಂದಿ ಹಗಲಿರುಳು ಕಳೆಯುವುದು ಯಂತ್ರಗಳ ಮಗ್ಗುಲಲ್ಲಿ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಬಂದ ತರುಣರು ಇಲ್ಲಿಯ ದೊಡ್ಡ ಮೋಟಾರು ಕಾರ್ಖಾನೆಗಳಲ್ಲಿಯೂ, ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ ಕಾರ್ಖಾನೆಗಳಲ್ಲಿಯೂ ದುಡಿಯುತ್ತಾರೆ. ಆದುದರಿಂದ ಈ ಸಲ ಯಂತ್ರದವರೊಬ್ಬರ ಚರಿತ್ರೆಯನ್ನು ಬರೆಯೋಣವೆಂದು ನಮಗೆ ಮನಸ್ಸಾಯಿತು.

ನಾವಾದರೋ ಯಂತ್ರ ಬಲ್ಲವರಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಊರಿಗೆ ಹಣ ಕಳಿಸಲೆಂದು, ಪಾಸ್‌ಬುಕ್ಕಿನಲ್ಲಿ ಜಮೆ ಬರೆಸಲೆಂದು ಬರುವ ಈ ತರುಣರ ಸುಖದುಃಖಗಳು ನಮ್ಮ ಕಿವಿಗೂ ಬೀಳುತ್ತವೆ. ಮೂರು ವರ್ಷ ದುಡಿದರೂ ಹೆಲ್ಪರನಾಗಿಯೇ ಉಳಿದವನೊಬ್ಬ. ಕಂಪ್ಯೂಟರಿನ ಆಜ್ಞೆಯಂತೆ ನಡೆಯುವ ಲೇಥನ್ನು ಕಲಿತರೆ ಪಗಾರ ಏರುವುದೆಂದು ಬಲ್ಲವನು, ಸಂಜೆಯ ಕ್ಲಾಸಿಗೆ ಹಣ ಕಟ್ಟಿದವನು, ತಿಂಗಳು ತುಂಬುವುದರೊಳಗೆ ಬಿಟ್ಟುಬಂದವನು. ಕೇಳಿದರೆ ಅವನು ಕೊಡುವ ಉತ್ತರ ಒಂದೇ: ಮನಸ್ಸು ಹತ್ತುವುದಿಲ್ಲ. ಸೋಮಾರಿತನದ ಮಾತು ಇದೆಂದು ಹಿರಿಯರು ಗದರಿಸುತ್ತಾರೆ. ಹನ್ನೆರಡು ತಾಸು ನಿಂತು ದುಡಿಯುವವನನ್ನು ಸೋಮಾರಿಯೆಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ. ಹಾಗಾದರೆ ಕಠಿಣವಾದ ಕೈವಿದ್ಯೆಯೊಂದಕ್ಕೆ ಮನಸ್ಸು ಹತ್ತುವುದಾದರೂ ಹೇಗೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರ ಬಾಳನ್ನು ನೋಡಿದರೆ ಹಲವು ಸಂಗತಿಗಳು ತಿಳಿದುಬರುತ್ತವೆ.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಸವದತ್ತಿಯ ಸೀಮೆಯ ಈ ಊರು ಸಣ್ಣದಾದರೂ ಕೀರ್ತಿವಂತವಾದುದು. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ನಾಟಕವನ್ನು ಆಡಿಸಿ ಮರಾಠಿ ರಂಗಭೂಮಿಗೆ ಹೊಸ ದಾರಿ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಮನೆಯ ಮಾತು ಮರಾಠಿ, ಸುತ್ತಲಿನ ಹೊಲಗದ್ದೆಗಳ ಮಾತು ಕನ್ನಡ. ಗಡಿಯ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಅಲ್ಲಿ ಎರಡು ನುಡಿಗಳು ಒಂದೇ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತವೆ. ಕನ್ನಡ ನೆಲದಲ್ಲಿ ಹುಟ್ಟಿ, ಕನ್ನಡ ರೈತನ ಎರೆಹೊಲದ ಕಷ್ಟವನ್ನು ಕಣ್ಣಾರೆ ಕಂಡ ಈ ಪುರುಷನನ್ನು ನಮ್ಮವನೆಂದು ಕರೆಯಲು ನಮಗೇಕೆ ಸಂಕೋಚ?

ಬಾಲಕ ಲಕ್ಷ್ಮಣನಿಗೆ ಶಾಲೆಯ ಪಾಠ ರುಚಿಸಲಿಲ್ಲ. ಅವನಿಗೆ ಪ್ರಿಯವಾದುವು ಎರಡೇ. ಒಂದು ಚಿತ್ರ ಬರೆಯುವುದು, ಇನ್ನೊಂದು ಯಾವುದಾದರೊಂದು ಯಂತ್ರದ ವಸ್ತುವನ್ನು ಬಿಚ್ಚಿ ನೋಡುವುದು. ವಿದ್ಯಾವಂತರಾದ ತಂದೆಗೆ ಈ ಎರಡರಲ್ಲಿಯೂ ಅನ್ನ ಕಾಣಿಸಲಿಲ್ಲ. ಆ ಕಾಲದ ಸಭ್ಯ ಮನೆತನಗಳಲ್ಲಿ ಹುಡುಗನು ಓದಿ ಸರಕಾರಿ ನೌಕರಿ ಹಿಡಿಯಬೇಕು. ಸುತ್ತಿಗೆ ಹಿಡಿಯುವುದು ಕಮ್ಮಾರನ ಕೆಲಸ. ಆದರೂ ಅಣ್ಣ ರಾಮಣ್ಣನವರು ತಮ್ಮನ ಬೆನ್ನಿಗೆ ನಿಂತರು. ಹೀಗೆ ಲಕ್ಷ್ಮಣರಾಯರು ಹದಿಹರೆಯದಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷ ಕಲಿತ ಬಳಿಕ ಒಂದು ಆಘಾತ ಕಾದಿತ್ತು. ಅವರ ಕಣ್ಣುಗಳು ಕೆಲವು ಬಣ್ಣಗಳ ಭೇದವನ್ನು ಗುರುತಿಸಲಾರವು. ಭಾಗಶಃ ವರ್ಣಾಂಧತೆ ಎಂದು ಇದನ್ನು ಕರೆಯುತ್ತಾರೆ. ಹುಟ್ಟಿನಿಂದ ಬರುವ ಈ ದೋಷವು ನಿತ್ಯಜೀವನದಲ್ಲಿ ಅಷ್ಟಾಗಿ ತೊಡಕು ಮಾಡದು. ಇದ್ದವನಿಗೇ ಎಷ್ಟೋ ವರ್ಷ ಗೊತ್ತಾಗದೆ ಹೋಗಬಹುದು. ಆದರೆ ವರ್ಣಚಿತ್ರಕಾರನಾಗಬೇಕೆಂದವನಿಗೆ ಇದು ಬಾಗಿಲನ್ನೇ ಮುಚ್ಚಿಬಿಡುತ್ತದೆ. ತಂದೆಯ ಮಾತು ಮೀರಿ, ಅಣ್ಣನ ಆಸರೆಯಿಂದ, ಪರಸ್ಥಳದಲ್ಲಿ ಎರಡು ವರ್ಷ ಕಳೆದ ಹುಡುಗನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಲಿ. ಇಂದಿನ ದಿನಗಳಲ್ಲಿ ಇಂಥ ಹುಡುಗ ಊರಿನ ಬಸ್ಸು ಹತ್ತಿಬಿಡುತ್ತಾನೆ.

ಲಕ್ಷ್ಮಣರಾಯರು ಬಸ್ಸು ಹತ್ತುವ ಬದಲು ಪಕ್ಕದ ಬಾಗಿಲು ತಟ್ಟಿದರು. ಬಣ್ಣ ಬೇಡದ ಚಿತ್ರವೊಂದುಂಟು. ಅದು ಯಂತ್ರದ ನಕ್ಷೆ. ಅಲ್ಲಿ ಕೆಂಪು ಹಸುರುಗಳ ಗೊಡವೆಯಿಲ್ಲ. ಗೆರೆ ನೇರವಾಗಿರಬೇಕು, ಅಳತೆ ತಪ್ಪಬಾರದು, ಮೂರು ಕಡೆಯಿಂದ ನೋಡಿದ ಆಕಾರವನ್ನು ಕಾಗದದ ಮೇಲೆ ಮೂರು ಚಿತ್ರವಾಗಿ ಇಳಿಸಬೇಕು. ಕೈಯಲ್ಲಿ ಆಗಲೇ ಇದ್ದ ರೇಖೆಯ ಹದವನ್ನು ಇಟ್ಟುಕೊಂಡು, ಕಣ್ಣಿಗೆ ದಕ್ಕದ ಬಣ್ಣವನ್ನು ಬಿಟ್ಟು, ಅವರು ಯಂತ್ರರೇಖನವನ್ನು ಅಭ್ಯಾಸ ಮಾಡಿದರು. ಇಲ್ಲಿ ನಮಗೆ ತೋರುವ ಮಾತೊಂದನ್ನು ಹೇಳಿಬಿಡುತ್ತೇವೆ. ಹೊಸ ವಿದ್ಯೆ ಕಲಿಯುವವನು ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ. ಕೈಯಲ್ಲಿ ಆಗಲೇ ಇರುವ ಒಂದು ಸಣ್ಣ ಕೌಶಲವನ್ನು ಅಡಿಗಲ್ಲಾಗಿ ಇಟ್ಟರೆ ಮುಂದಿನ ಕಲ್ಲು ನಿಲ್ಲುತ್ತದೆ. ಊರಿನಲ್ಲಿ ಪಂಪುಸೆಟ್ಟು ರಿಪೇರಿ ಮಾಡಿದ ನಮ್ಮ ಹುಡುಗನು ಚಾಕಣಕ್ಕೆ ಬಂದು ತನಗೇನೂ ಬಾರದೆಂದು ಕುಗ್ಗುವುದನ್ನು ನೋಡಿದಾಗ ನಮಗೆ ಈ ಪ್ರಸಂಗ ನೆನಪಾಗುತ್ತದೆ.

ಆಗತಾನೆ, ಅಂದರೆ 1887ರಲ್ಲಿ, ಮುಂಬಯಿಯಲ್ಲಿ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಗಿತ್ತು. ಅಲ್ಲಿ ಲಕ್ಷ್ಮಣರಾಯರಿಗೆ ರೇಖಾಚಿತ್ರದ ಸಹಾಯಕ ಅಧ್ಯಾಪಕನ ಕೆಲಸ ದೊರೆಯಿತು. ಪಗಾರ ಬರುತ್ತದೆ, ಗೌರವದ ಸ್ಥಾನ. ಇಷ್ಟಕ್ಕೆ ತೃಪ್ತಿಪಟ್ಟು ಕುಳಿತಿದ್ದರೆ ಅವರ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಹಲಗೆಯ ಮೇಲೆ ಚಕ್ರದ ಹಲ್ಲುಗಳನ್ನು ಬರೆದು ತೋರಿಸುವವನಿಗೆ ಆ ಹಲ್ಲುಗಳು ನಿಜವಾಗಿ ಹೇಗೆ ಕಚ್ಚಿಕೊಳ್ಳುತ್ತವೆ ಎಂಬುದು ತಿಳಿಯಬೇಡವೇ? ಪಾಠ ಮುಗಿದ ಮೇಲೆ ಅವರು ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗುವರು. ಬಿಡುವಿನ ವೇಳೆಯೆಲ್ಲ ಅಲ್ಲಿಯೇ. ಯಂತ್ರ ನಡೆಸುವುದು, ಕೆಟ್ಟದ್ದನ್ನು ಬಿಚ್ಚುವುದು, ದುರಸ್ತಿ ಮಾಡುವುದು, ಹೀಗೆ ಕೈಗೆ ಎಣ್ಣೆ ಮೆತ್ತಿಕೊಂಡು ಕಲಿತರು. ಎಂಜಿನಿಯರಿಂಗ್ ಪದವಿಯೆಂಬುದು ಅವರಿಗೆ ಎಂದೂ ಇರಲಿಲ್ಲ. ಹೊರದೇಶದ ಯಂತ್ರಶಾಸ್ತ್ರದ ಪುಸ್ತಕ ಪತ್ರಿಕೆಗಳೂ ಆ ಕಾರ್ಯಾಗಾರವೂ ಸೇರಿ ಅವರ ಕಾಲೇಜಾದುವು.

ಮುಂಬಯಿಯ ಬೀದಿಯಲ್ಲಿ ಆಗ ಬೈಸಿಕಲ್ಲು ಹೊಸ ವಿಸ್ಮಯ. ಕುದುರೆಯಿಲ್ಲ, ಎತ್ತಿಲ್ಲ, ಎರಡು ಗಾಲಿಗಳ ಮೇಲೆ ಮನುಷ್ಯನು ಬೀಳದೆ ಓಡುತ್ತಾನೆ! ಜನರು ನೋಡಿ ನಕ್ಕು ಮುಂದೆ ಹೋದರು. ಲಕ್ಷ್ಮಣರಾಯರು ಇದರಲ್ಲಿ ವಿದ್ಯೆಯನ್ನೂ ಕಂಡರು, ವ್ಯಾಪಾರವನ್ನೂ ಕಂಡರು. ತಾವು ಮುಂಬಯಿಯಲ್ಲಿ ಸೈಕಲ್ಲು ಕೊಂಡು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ರಾಮಣ್ಣನವರು ಮಾರುವುದು ಎಂದು ಅಣ್ಣತಮ್ಮಂದಿರು ಗೊತ್ತುಮಾಡಿಕೊಂಡರು. ಕೊಂಡವರಿಗೆ ಹತ್ತಲು ಬಾರದಲ್ಲ. ರಾಮಣ್ಣನವರು ಹದಿನೈದು ರೂಪಾಯಿ ಫೀ ತೆಗೆದುಕೊಂಡು ಸೈಕಲ್ ಸವಾರಿಯನ್ನು ಕಲಿಸುತ್ತಿದ್ದರಂತೆ. ಆ ಕಾಲದ ಹದಿನೈದು ರೂಪಾಯಿ! ಕಲಿಯುವ ಹುಮ್ಮಸ್ಸಿಗೆ ಜನರು ಹಣ ತೆರುವುದು ಇಂದಿನ ಮಾತಲ್ಲ. ಕಿರ್ಲೋಸ್ಕರ ಉದ್ಯಮ ಸಮೂಹವು ತನ್ನ ಹುಟ್ಟನ್ನು ಈ ಸೈಕಲ್ ಅಂಗಡಿಯಿಂದ, ಅಂದರೆ 1888ರಿಂದ, ಎಣಿಸುತ್ತದೆ. ಇಂದಿಗೂ ಬೆಳಗಾವಿಯ ಪೇಟೆಯಲ್ಲಿ ಕಿರ್ಲೋಸ್ಕರ ರೋಡ್ ಎಂಬ ಬೀದಿ ಇದೆ. ದೀಪಾವಳಿಯ ಜವಳಿಗೆ ಅಲ್ಲಿ ಅಲೆದಾಡಿದ ನಮ್ಮವರಲ್ಲಿ ಎಷ್ಟು ಮಂದಿ ಆ ಹೆಸರಿನ ಬಗ್ಗೆ ಯೋಚಿಸಿದ್ದಾರೋ ಕಾಣೆವು.

ಮುಂದೆ ಲಕ್ಷ್ಮಣರಾಯರಿಗೆ ಸಲ್ಲಬೇಕಾದ ಬಡ್ತಿಯು ಆಂಗ್ಲೋ-ಇಂಡಿಯನ್ ಗೃಹಸ್ಥನೊಬ್ಬನ ಪಾಲಾಯಿತು. ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಅಪಮಾನವು ಎಷ್ಟೋ ಜನರನ್ನು ಮನೆಯ ಮೂಲೆಗೆ ಕೂರಿಸುತ್ತದೆ. ಇವರಿಗೆ ಅದು ಕೈಯಲ್ಲಿದ್ದ ವಿದ್ಯೆಯನ್ನು ತನ್ನದೇ ಮಾಡಿಕೊಳ್ಳುವ ಛಲವಾಯಿತು.

ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ನಡೆದಿತ್ತಾದರೂ ಅವರ ಕಣ್ಣು ಸಂತೆಗೆ ಬರುವ ರೈತನ ಮೇಲಿತ್ತು. ಜೋಳದ ಕಣಿಕೆಯನ್ನು ಇಡಿಯಾಗಿ ದನಕ್ಕೆ ಹಾಕಿದರೆ ಎಲೆ ತಿಂದು ದಂಟನ್ನು ತುಳಿದುಬಿಡುತ್ತದೆ. ಕತ್ತರಿಸಿ ಹಾಕಿದರೆ ಮೇವು ಉಳಿಯುತ್ತದೆ. ಮೇವು ಕತ್ತರಿಸುವ ಯಂತ್ರವನ್ನು ಸಣ್ಣ ಕಾರ್ಖಾನೆಯಲ್ಲಿ ತಯಾರಿಸತೊಡಗಿದರು. ತರುವಾಯ 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಬಂತು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಲಕ್ಷ್ಮಣರಾಯರ ನಿಜವಾದ ಪರೀಕ್ಷೆ ನಡೆದುದು ಇಲ್ಲಿಯೇ.

ನಮ್ಮ ಎರೆಭೂಮಿಯ ರಂಟೆ ಜಾಲಿಯ ಕಟ್ಟಿಗೆಯದು. ಊರ ಬಡಿಗನು ಮಾಡುತ್ತಾನೆ, ಕಮ್ಮಾರನು ಕುಳ ಕೂರಿಸುತ್ತಾನೆ, ವರ್ಷದ ಆಯದ ಕಾಳಿನಲ್ಲಿ ಲೆಕ್ಕ ತೀರುತ್ತದೆ. ಈ ರಂಟೆ ಮೇಲ್ಮಣ್ಣನ್ನು ಗೀರುತ್ತದೆಯೇ ಹೊರತು ಮಗುಚಿ ಹಾಕುವುದಿಲ್ಲ. ಆಳಕ್ಕೆ ಬೇರು ಬಿಟ್ಟ ಕರಿಕೆಯನ್ನು ಅದರಿಂದ ಕೀಳಲಾಗದು. ಕಬ್ಬಿಣದ ನೇಗಿಲಿಗೆ ಬಾಗಿದ ರೆಕ್ಕೆಯೊಂದಿರುತ್ತದೆ. ಕುಳವು ಕತ್ತರಿಸಿದ ಮಣ್ಣಿನ ಪಟ್ಟಿ ಆ ರೆಕ್ಕೆಯ ಮೇಲೆ ಏರಿ ತಿರುಗಿ ಬೋರಲಾಗಿ ಬೀಳುತ್ತದೆ. ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಉಪಯೋಗ ಇಷ್ಟು ಸ್ಪಷ್ಟ. ಆದರೂ ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಬ್ಬಿಣವು ಭೂಮಿಗೆ ವಿಷವಾಗುತ್ತದೆ ಎಂದು ರೈತರು ನಂಬಿದ್ದರು.

ಆ ರೈತರನ್ನು ಮೂಢರೆಂದು ನಗುವುದು ಸುಲಭ. ಒಂದು ಬೆಳೆ ಕೆಟ್ಟರೆ ವರ್ಷದ ಕೂಳೇ ಹೋಗುವ ಮನುಷ್ಯನು ಹೊಸದಕ್ಕೆ ಹೆದರುವುದು ಸಹಜ. ಬ್ಯಾಂಕಿನಲ್ಲಿ ಕುಳಿತ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅದಲ್ಲದೆ ನೇಗಿಲಿನ ಕುಳ ಎರಕ ಹೊಯ್ಯುವುದೂ ತಮಾಷೆಯ ಕೆಲಸವಲ್ಲ. ಮೆತ್ತಗಾದರೆ ಮಣ್ಣಿನಲ್ಲಿ ಬೇಗನೆ ಸವೆದು ಮೊಂಡಾಗುತ್ತದೆ. ಗಡುಸಾದರೆ ನೆಲದೊಳಗಿನ ಕಲ್ಲಿಗೆ ತಗುಲಿ ಒಡೆಯುತ್ತದೆ. ಕುಲುಮೆಯ ಉರಿ, ಕಬ್ಬಿಣದ ಬೆರಕೆ, ಅಚ್ಚಿನ ಮರಳಿನ ಹಸಿ, ಕರಗಿದ ಲೋಹ ಎಷ್ಟು ಬೇಗ ಆರಬೇಕು ಎಂಬ ಲೆಕ್ಕ, ಇವುಗಳಲ್ಲಿ ಒಂದು ತಪ್ಪಿದರೂ ದಿನದ ದುಡಿತವೆಲ್ಲ ಮರುದಿನ ಕರಗಿಸುವ ರಾಶಿಗೆ ಹೋಗುತ್ತದೆ. ಕುಳದ ತುದಿಗೆ ತಾಕುವ ಕಡೆ ಮರಳಿನ ಬದಲು ತಣ್ಣನೆಯ ಲೋಹದ ಅಚ್ಚನ್ನಿಟ್ಟರೆ ಆ ಭಾಗ ಮಾತ್ರ ಥಟ್ಟನೆ ಆರಿ ಗಡುಸಾಗುತ್ತದೆ, ಒಳಭಾಗ ತಾಳಿಕೆಯುಳ್ಳದ್ದಾಗಿ ಉಳಿಯುತ್ತದೆ. ಇದು ಎರಕದವರ ಯುಕ್ತಿ. ಇಂಥ ಯುಕ್ತಿಗಳು ಪುಸ್ತಕದಲ್ಲಿ ಎರಡು ಸಾಲು, ಕೈಗೆ ಹತ್ತಬೇಕಾದರೆ ಎರಡು ವರ್ಷ. ಕಲಿಯುವವನು ಸೋಲುವುದು ಈ ನಡುವಿನ ಅವಧಿಯಲ್ಲಿ. ಮಾರದ ನೇಗಿಲುಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಎರಡು ವರ್ಷ ಕುಲುಮೆಯನ್ನು ಆರಗೊಡದೆ ಇದ್ದ ಆ ಮನುಷ್ಯನನ್ನು ತಡೆದು ನಿಲ್ಲಿಸಿದ ಶಕ್ತಿ ಯಾವುದು?

ನಮಗೆ ತೋರುವಂತೆ ಅದು ಕೀರ್ತಿಯ ಆಸೆಯಲ್ಲ, ಹಣದ ಆಸೆಯೊಂದೇ ಅಲ್ಲ. ಅವರು ಯಂತ್ರವಿದ್ಯೆಯನ್ನು ಕಲಿಯಬೇಕೆಂದು ಕಲಿತವರಲ್ಲ. ಅವರ ಎದುರಿಗೆ ಯಾವಾಗಲೂ ಒಂದು ನಿರ್ದಿಷ್ಟ ವಸ್ತು ಇತ್ತು. ಮುಂಬಯಿಯಲ್ಲಿ ಕೆಟ್ಟುನಿಂತ ಯಂತ್ರ, ಬೆಳಗಾವಿಯಲ್ಲಿ ಕಣಿಕೆಯ ದಂಟು, ಈಗ ಈ ಕುಳ. ಅದು ಸರಿಹೋಗಬೇಕು, ಅಷ್ಟೆ. ಅದಕ್ಕೆ ಬೇಕಾದಷ್ಟು ವಿದ್ಯೆಯನ್ನು ಅವರು ಕಲಿತರು, ಮತ್ತೊಂದು ವಸ್ತು ಬಂದಾಗ ಮತ್ತಷ್ಟು ಕಲಿತರು. ಆರು ತಿಂಗಳ ಪಾಠವನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು ಕುಳಿತ ನಮ್ಮ ಹುಡುಗನಿಗೆ ಮನಸ್ಸು ಹತ್ತದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಮಾಡಬೇಕಾದ ಒಂದು ತುಣುಕು ಅವನ ಕೈಯಲ್ಲಿಲ್ಲ. ಕಾಗದದ ಮೇಲಿನ ಸಂಖ್ಯೆಗಳು ಮಾತ್ರ ಇವೆ.

ಅಂತೂ ನೇಗಿಲುಗಳು ಮಾರತೊಡಗಿದುವು. ಒಬ್ಬನ ಹೊಲ ನೋಡಿ ಇನ್ನೊಬ್ಬ ಕೊಂಡ. ಕಾರ್ಖಾನೆ ಬೇರೂರಿತು ಎನ್ನುವಷ್ಟರಲ್ಲಿ ಬೆಳಗಾವಿಯ ಪುರಸಭೆಯು ಊರು ಬೆಳೆಸುವ ಸಲುವಾಗಿ ಆ ಜಾಗವನ್ನು ತೆರವು ಮಾಡಬೇಕೆಂದಿತು. ಅದೇ ಸಮಯಕ್ಕೆ ಔಂಧ ಸಂಸ್ಥಾನದ ಅರಸರು ಬಾಳಾಸಾಹೇಬ ಪಂತಪ್ರತಿನಿಧಿಗಳು ನೆರವಿಗೆ ಬಂದರು. ಪುಣೆಯವರು ಇದನ್ನು ತಮ್ಮ ಪಕ್ಕದ ಔಂಧವೆಂದು ತಿಳಿಯಬಾರದು. ಇದು ಸಾತಾರದ ಕಡೆಯ ಔಂಧ. ಸ್ವತಃ ಚಿತ್ರಕಾರರಾಗಿದ್ದ ಈ ಅರಸರು ಲಕ್ಷ್ಮಣರಾಯರಿಗೆ ತಮ್ಮ ಸಂಸ್ಥಾನದಲ್ಲಿ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನೂ, ಹತ್ತು ಸಾವಿರ ರೂಪಾಯಿಗಳನ್ನು ಬಡ್ಡಿಯಿಲ್ಲದ ಸಾಲವಾಗಿಯೂ ಕೊಟ್ಟರು. ಒತ್ತೆಯೇನು, ಜಾಮೀನು ಯಾರು, ಬ್ಯಾಲೆನ್ಸ್ ಶೀಟು ಎಲ್ಲಿ ಎಂದು ಕೇಳದೆ ಕೊಟ್ಟ ಇಂಥ ಸಾಲ ನಮ್ಮ ಯಾವ ಶಾಖೆಯಲ್ಲಿಯೂ ಮಂಜೂರಾಗದೆಂಬುದನ್ನು ನಾವು ಖಾತ್ರಿಯಾಗಿ ಹೇಳಬಲ್ಲೆವು.

1910ರಲ್ಲಿ ಲಕ್ಷ್ಮಣರಾಯರು ಇಪ್ಪತ್ತೈದು ಮಂದಿ ಕೆಲಸಗಾರರನ್ನೂ ಅವರ ಸಂಸಾರಗಳನ್ನೂ ಕಟ್ಟಿಕೊಂಡು ಪಾಪಾಸುಕಳ್ಳಿ ತುಂಬಿದ ಆ ಬಯಲಿಗೆ ಬಂದರು. ಕಳ್ಳಿ ಕಡಿದರು, ಗುಡಿಸಲು ಹಾಕಿದರು, ಕುಲುಮೆ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ, ಭಾರತದ ಆದ್ಯ ಔದ್ಯೋಗಿಕ ವಸತಿಗಳಲ್ಲಿ ಒಂದೆಂದು ಇಂದು ಅದನ್ನು ಎಣಿಸುತ್ತಾರೆ.

ಅಲ್ಲಿ ಕೂಡಿದ ಮಂದಿಯ ಪಟ್ಟಿಯನ್ನು ನೋಡಿದರೆ ಸೋಜಿಗವಾಗುತ್ತದೆ. ಅನಂತರಾವ ಫಳಣೀಕರರು ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಇಲ್ಲಿ ದೂರದೃಷ್ಟಿಯುಳ್ಳ ಎಂಜಿನಿಯರಾಗಿ ಬೆಳೆದರು. ಶಂಭುರಾವ ಜಾಂಭೇಕರರು ಹಲವು ಬಗೆಯ ಯಂತ್ರಕಾರ್ಯಗಳಲ್ಲಿ ನುರಿತ ಕೈ. ಕೆ. ಕೆ. ಕುಲಕರ್ಣಿಯವರು ಯಾವ ಕೆಲಸ ಬಂದರೂ ಸೈ ಎನ್ನುವ ಮ್ಯಾನೇಜರು. ಲೆಕ್ಕಪತ್ರಗಳನ್ನು ನೋಡಿಕೊಂಡವರು ಮಂಗೇಶರಾವ ರೇಗೆಯವರು. ಗುಮಾಸ್ತರಾಗಿಯೂ ಮುಖ್ಯ ಲೆಕ್ಕಿಗರಾಗಿಯೂ ದುಡಿದ ಇವರ ಹೆಸರನ್ನು ನಮ್ಮ ವೃತ್ತಿಬಾಂಧವರೆಂದು ಇಲ್ಲಿ ಬೇಕೆಂದೇ ಸೇರಿಸಿದ್ದೇವೆ, ಏಕೆಂದರೆ ಕಾರ್ಖಾನೆಗಳ ಚರಿತ್ರೆಯಲ್ಲಿ ಖಾತೆ ಬರೆದವನಿಗೆ ಜಾಗ ಸಿಗುವುದು ಅಪರೂಪ. ರಾತ್ರಿಯ ಕಾವಲಿಗೆ ಲಕ್ಷ್ಮಣರಾಯರು ನೇಮಿಸಿಕೊಂಡವರಲ್ಲಿ ಸೆರೆಮನೆ ಕಂಡುಬಂದವರೂ ಇದ್ದರು. ನಂಬಿಕೆ ಇಟ್ಟರೆ ಮನುಷ್ಯನು ಅದಕ್ಕೆ ತಕ್ಕಂತೆ ನಡೆಯುತ್ತಾನೆಂಬುದು ಅವರ ಎಣಿಕೆ. ವಸತಿಯಲ್ಲಿ ಅಸ್ಪೃಶ್ಯತೆಗೆ ಅವರು ಎಡೆಗೊಡಲಿಲ್ಲ.

ಕಲಿಕೆಯ ವಿಷಯಕ್ಕೆ ಇದೆಲ್ಲ ಏಕೆಂದು ವಾಚಕರು ಕೇಳಬಹುದು. ಇದರಲ್ಲಿಯೇ ಅದರ ಗುಟ್ಟಿದೆಯೆಂದು ನಾವು ತಿಳಿಯುತ್ತೇವೆ. ಮುಂಬಯಿಯ ಕಾರ್ಯಾಗಾರದಲ್ಲಿ ಡ್ರಾಯಿಂಗ್ ಮಾಸ್ತರನೊಬ್ಬ ಯಂತ್ರ ಮುಟ್ಟುತ್ತೇನೆಂದಾಗ ಬೇಡವೆಂದು ಯಾರೂ ಹೊರಗಟ್ಟಲಿಲ್ಲ. ಆ ಒಂದು ಅವಕಾಶದಿಂದ ಲಕ್ಷ್ಮಣರಾಯರು ಮೇಲೆ ಬಂದರು. ತಮ್ಮ ಕಾರ್ಖಾನೆಯಲ್ಲಿ ಅದೇ ಅವಕಾಶವನ್ನು ಶಾಲೆ ಕೈಬಿಟ್ಟವರಿಗೂ ಊರು ಕೈಬಿಟ್ಟವರಿಗೂ ಅವರು ಕೊಟ್ಟರು. ಮನಸ್ಸು ಹತ್ತಬೇಕಾದರೆ ಮೊದಲು ಕೈ ಹತ್ತಬೇಕು. ಚಾಕಣದ ಎಷ್ಟೋ ಹೆಲ್ಪರುಗಳು ವರ್ಷಗಟ್ಟಲೆ ತುಣುಕುಗಳನ್ನು ಟ್ರೇಗೆ ಹಾಕುತ್ತಾರೆ, ಲೋಹದ ಸಿಪ್ಪೆ ಗುಡಿಸುತ್ತಾರೆ, ಯಂತ್ರದ ಗುಂಡಿ ಒತ್ತುವ ಅಪ್ಪಣೆ ಅವರಿಗಿಲ್ಲ. ತುಣುಕು ಕೆಟ್ಟರೆ ನಷ್ಟ, ಬೆರಳು ಹೋದರೆ ಇನ್ನೂ ದೊಡ್ಡ ನಷ್ಟ ಎಂಬ ಮಾತೂ ಸುಳ್ಳಲ್ಲ. ಆದರೆ ಮುಟ್ಟಗೊಡದೆ ಮನಸ್ಸಿಲ್ಲವೆಂದು ದೂರುವುದು ನ್ಯಾಯವೇ? ನಮ್ಮ ಸಂಘದಲ್ಲಿ ಸೆಟ್ಟರುಗಳೂ ಸೂಪರ್‌ವೈಸರುಗಳೂ ಆಗಿರುವ ಹಿರಿಯರು ಇದ್ದಾರೆ. ಪಾಳಿ ಮುಗಿದ ಮೇಲೆ ಅರ್ಧ ತಾಸು ತಮ್ಮೂರ ಕಡೆಯ ಹುಡುಗನಿಗೆ ಮೈಕ್ರೋಮೀಟರ್ ಹಿಡಿಯುವುದನ್ನು, ನಕ್ಷೆ ಓದುವುದನ್ನು, ಯಂತ್ರಕ್ಕೆ ಕೊಡುವ ಆಜ್ಞೆಗಳ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಟ್ಟರೆ, ಕ್ಲಾಸಿನಲ್ಲಿ ಇಂಗ್ಲಿಷು ಹಿಂದಿಗಳ ನಡುವೆ ಸಿಕ್ಕಿ ಕಂಗಾಲಾದವನಿಗೆ ಅದು ಎಷ್ಟು ದೊಡ್ಡ ಆಸರೆ!

ಇದನ್ನು ಬರೆಯುವಾಗ ಇನ್ನೊಂದು ಹೆಸರು ವಾಚಕರ ಮನಸ್ಸಿಗೆ ಬಂದಿರಲೇಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ವಿದ್ಯಾರ್ಥಿವೇತನದಿಂದ ಪುಣೆಗೆ ಬಂದು ಇಲ್ಲಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದುದನ್ನು ಪುಣೆಯ ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಖಡಕವಾಸಲೆಯ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ಅವರ ಬುದ್ಧಿಯ ಫಲ. ಅವರದು ಪರೀಕ್ಷೆಯ ರಾಜಮಾರ್ಗ, ಲಕ್ಷ್ಮಣರಾಯರದು ಕಾಲುದಾರಿ. ಪರೀಕ್ಷೆಯಲ್ಲಿ ಮೊದಲಿಗರಾಗುವವರು ವರ್ಷಕ್ಕೊಬ್ಬರೇ ಆದುದರಿಂದ, ಉಳಿದವರಿಗಾಗಿ ಕಾಲುದಾರಿಯ ಕಥೆಯನ್ನೂ ಆಗಾಗ ಹೇಳಬೇಕಾಗುತ್ತದೆ.

ಹಾಗೆಂದು ಲಕ್ಷ್ಮಣರಾಯರು ಕಾಲೇಜಿನ ವಿದ್ಯೆಯನ್ನು ಹೀಗಳೆದವರಲ್ಲ. ಮಗ ಶಂತನುರಾಯರನ್ನು ಅಮೆರಿಕೆಗೆ ಕಳಿಸಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಓದಿಸಿದರು. ಶಂತನುರಾಯರು 1926ರಲ್ಲಿ ಪದವಿ ಪಡೆದು ಮರಳಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧದ ಕಾಲದ ಕಬ್ಬಿಣ, ಕಲ್ಲಿದ್ದಲು, ಬಣ್ಣಗಳ ಅಭಾವವನ್ನು ದಾಟಿ ಕಾರ್ಖಾನೆ ಬೆಳೆದಿತ್ತು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು, ಎಂಜಿನುಗಳು ಬಂದುವು. ಅದೇ 1920ರಲ್ಲಿ ಸೋದರರ ಮಗ ಶಂಕರರಾಯರು ಒಂದು ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಮುಂದೆ ಮರಾಠಿಯ ಹೆಸರಾಂತ ಪತ್ರಿಕೆಗಳಲ್ಲಿ ಒಂದಾಯಿತು.

ಕನ್ನಡನಾಡಿಗೂ ಈ ಮನೆತನದ ಋಣ ಸಂದಿದೆ. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದುದು ಲೇಥುಗಳು, ಅಂದರೆ ಬೇರೆ ಯಂತ್ರಗಳನ್ನು ಮಾಡುವ ಯಂತ್ರಗಳು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುಚ್ಛಕ್ತಿಯ ಮೋಟಾರುಗಳ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ತೈಲ ಎಂಜಿನುಗಳ ಕಾರ್ಖಾನೆ. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿ ಈಗ ಬಹಳ ವರ್ಷಗಳಾದುವು. ಒಂದು ಊರಿಗೆ ಊರೇ ಅದರ ಭೋಂಗಾದ ಸದ್ದಿಗೆ ಏಳುತ್ತಿತ್ತು. ಅಲ್ಲಿ ವಿದ್ಯೆ ಕಲಿತ ಕೈಗಳು ನಾಡಿನ ನಾನಾ ಕಡೆಗೆ ಚದುರಿದುವು.

ಲಕ್ಷ್ಮಣರಾಯರ ಬಾಳಿನಲ್ಲಿ ಎಲ್ಲವೂ ಛಲದಿಂದಲೇ ಸಾಧಿಸಿತೆಂದು ಬರೆದರೆ ನಾವು ಲೆಕ್ಕ ತಪ್ಪಿದಂತಾದೀತು. ಜಮೆಯ ಕಡೆ ಬರೆಯಬೇಕಾದ ಇತರರ ಹೆಸರುಗಳಿವೆ. ಅಣ್ಣ ರಾಮಣ್ಣನವರು ಅಂಗಡಿ ನೋಡಿಕೊಳ್ಳದಿದ್ದರೆ ತಮ್ಮನ ಕಲಿಕೆಗೆ ಬಿಡುವೆಲ್ಲಿ? ಔಂಧದ ಅರಸರು ನೆಲವನ್ನೂ ಹಣವನ್ನೂ ಕೊಡದಿದ್ದರೆ ಕುಲುಮೆಯೆಲ್ಲಿ? ಅಪ್ಪನ ಸಾಲ, ತಂಗಿಯ ಮದುವೆ, ಕೊಠಡಿಯ ಬಾಡಿಗೆ ಎಂದು ಪಗಾರವೆಲ್ಲ ಹತ್ತನೆಯ ತಾರೀಖಿನೊಳಗೆ ಕರಗಿಸುವ ತರುಣನಿಗೆ ಬರಿಯ ಉಪದೇಶ ಸಾಲದು. ಕ್ಲಾಸಿನ ಮೂರು ತಿಂಗಳ ಫೀಯನ್ನು ಯಾರಾದರೂ ಕಟ್ಟಿದರೆ, ಓವರ್‌ಟೈಮು ಬಿಟ್ಟ ದಿನಗಳ ಕೂಲಿ ತುಂಬಿಕೊಂಡು ಬಂದರೆ ಅವನ ಮನಸ್ಸೂ ಹತ್ತೀತು. ಸಂಘವು ಹಬ್ಬದ ವೆಚ್ಚದಲ್ಲಿ ಒಂದಷ್ಟನ್ನು ಇದಕ್ಕಾಗಿ ತೆಗೆದಿಡಬಾರದೇಕೆ ಎಂದು ಕಾರ್ಯಕಾರಿ ಸಮಿತಿಯವರಲ್ಲಿ ಈ ಬರಹದ ಮೂಲಕವೇ ವಿನಂತಿಸಿಕೊಳ್ಳುತ್ತೇವೆ. ಲೆಕ್ಕ ಬರೆಯುವ ಕೆಲಸವನ್ನು ನಾವು ವಹಿಸಿಕೊಳ್ಳಲು ಸಿದ್ಧರಿದ್ದೇವೆ.

ಲಕ್ಷ್ಮಣರಾಯರು 1956ನೆಯ ಇಸವಿ ಸಪ್ಟೆಂಬರ್ 26ರಂದು ಕಾಲವಾದರು. ಆಗ ಅವರಿಗೆ 87 ವರ್ಷ. ಅಲ್ಲಿಂದ ಐದು ವಾರ ಕಳೆಯುತ್ತಲೇ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದುವು. ಅವರು ಹುಟ್ಟಿದ ಗುರ್ಲಹೊಸೂರೂ ಆ ನಾಡಿಗೆ ಸೇರಿತು, ಕಿರ್ಲೋಸ್ಕರವಾಡಿ ಈಚೆಗೆ ಉಳಿಯಿತು. ಅವರು ಹುಟ್ಟಿ ನೂರು ವರ್ಷ ತುಂಬಿದ 1969ರ ಜೂನ್ 20ರಂದು ಭಾರತ ಸರಕಾರವು ಅವರ ಚಿತ್ರವಿರುವ ಅಂಚೆ ಚೀಟಿಯನ್ನು ಹೊರಡಿಸಿತು.

ಕುಂಡಲ್ ರೋಡ್ ನಿಲ್ದಾಣಕ್ಕೆ ಈಗ ಕಿರ್ಲೋಸ್ಕರವಾಡಿ ಎಂದೇ ಹೆಸರು. ಪುಣೆಯಿಂದ ಮಿರಜ, ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ ಹೋಗುವ ರೈಲುದಾರಿಯಲ್ಲಿ, ಕರಾಡ ದಾಟಿದ ಮೇಲೆ, ಸಾಂಗಲಿ ಬರುವುದಕ್ಕೆ ಮೊದಲು ಅದು ಸಿಗುತ್ತದೆ. ದೀಪಾವಳಿಗೆ ಊರಿಗೆ ಹೊರಟ ನಮ್ಮ ಹುಡುಗರು ಬಹುಮಟ್ಟಿಗೆ ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ. ಹಗಲು ಗಾಡಿಯಲ್ಲಿ ಹೋಗುವವರು ಕಿಟಕಿಯ ಕಡೆ ಕುಳಿತು ನೋಡಬಹುದು.